‘ಕೆತಾವಾ’ ಸ್ತ್ರೀಲಿಂಗವಲ್ಲ

ಬೈಬಲ್‌ನ ದಾನಿಯೇಲ ಗ್ರಂಥದ 5ನೇ ಅಧ್ಯಾಯದಲ್ಲಿ ಒಂದು ಕೈ ಗೋಡೆಯ ಮೇಲೆ ಬರೆಯುತ್ತದೆ; ಈ ಭಾಗ ಅರಮಾಯಿಕ್ ಭಾಷೆಯಲ್ಲಿದೆ. ಅಲ್ಲಿನ 5:7ರ ‘ಕೆತಾವಾ’ ಸ್ತ್ರೀಲಿಂಗ, ಅರ್ಥ ‘ಪುಸ್ತಕ’ ಎಂದು ಒಂದು ಲೇಖನದಲ್ಲಿದೆ. ಎರಡೂ ಸರಿಯಲ್ಲ. ಮೂಲ ನಾಮಪದ ‘ಕೆತಾವ್’, ಪುಲ್ಲಿಂಗ. ಕೊನೆಯ ‘ಆ’ ನಿರ್ದಿಷ್ಟತೆಯ ಪ್ರತ್ಯಯ: ‘ಬರಹ’ ಅಲ್ಲ, ‘ಆ ಬರಹ’. ಅರಮಾಯಿಕ್‌ನಲ್ಲಿ ಇದು ಪದದ ಹಿಂದೆ ಅಂಟುತ್ತದೆ, ಹೀಬ್ರೂವಿನ ‘ಹ’ದಂತೆ ಮುಂದೆ ಬರುವುದಿಲ್ಲ. ದಾರಿ ತಪ್ಪುವುದು ಕಾಗುಣಿತದಿಂದ. 5:7ರಲ್ಲಿ ಪದ ‘ಹೇ’ ಅಕ್ಷರದಿಂದ ಮುಗಿಯುತ್ತದೆ (ಸ್ತ್ರೀಲಿಂಗ ಪದಗಳ ಕೊನೆಯಲ್ಲೂ ಇದೇ ಅಕ್ಷರ ಬರುತ್ತದೆ), 5:8ರಲ್ಲಿ ಅದೇ ಪದ ‘ಆಲೆಫ್’ ಅಕ್ಷರದಿಂದ.

ಲಿಂಗ ತಿಳಿಯಲು ಪಕ್ಕದ ಪದ ನೋಡಬೇಕು. 5:24ರಲ್ಲಿ ‘ಕೆತಾವಾ ದೆನಾ ರೆಶೀಮ್’ (ಈ ಬರಹ ಬರೆಯಲಾಗಿದೆ) ಎಂದಿದೆ; ‘ದೆನಾ’ ಪುಲ್ಲಿಂಗದ ‘ಈ’, ಸ್ತ್ರೀಲಿಂಗವಾಗಿದ್ದರೆ ‘ದಾ’ ಇರಬೇಕಿತ್ತು. ನಿರ್ದಿಷ್ಟ ಸ್ತ್ರೀಲಿಂಗ ರೂಪ ಬೇಕಿದ್ದರೆ 5:10ರ ‘ಮಲ್ಕೆತಾ’ (ಆ ರಾಣಿ) ನೋಡಿ, ಅಲ್ಲಿ ‘ತ’ಕಾರ ಎದ್ದು ಕಾಣುತ್ತದೆ.

ಇನ್ನೊಂದು ತೊಡಕು 5:5ರದ್ದು. ಅಲ್ಲಿ ‘ಕಾತೆವಾ’ ಎಂದರೆ ‘ಬರೆಯುತ್ತಿದ್ದ’, ಕೈಗೆ ಹೊಂದುವ ಸ್ತ್ರೀಲಿಂಗ ಕೃದಂತ. ವ್ಯಂಜನಗಳು 5:7ರವೇ, ಅದೇ ನಾಲ್ಕು. ಸ್ವರಚಿಹ್ನೆ ಇಲ್ಲದ ಪಾಠದಲ್ಲಿ ಸಂದರ್ಭವೇ ನಾಮಪದವೋ ಕೃದಂತವೋ ಎಂದು ಹೇಳಬೇಕು. ಲೇಖಕರು ಇವೆರಡನ್ನು ಬೆರೆಸಿದಂತಿದೆ.

ಇನ್ನು ‘ಪುಸ್ತಕ’. ಅದಕ್ಕೆ ‘ಸೆಫರ್’ ಬೇರೆಯೇ ಇದೆ. ಬೈಬಲ್‌ನದೇ ಎಜ್ರ ಗ್ರಂಥದ 6:18ರಲ್ಲಿ ‘ಕೆತಾವ್ ಸೆಫರ್ ಮೋಶೆ’ (ಮೋಶೆಯ ಪುಸ್ತಕದ ಬರಹ) ಎಂದು ಎರಡೂ ಒಟ್ಟಿಗೆ ಬಂದಿವೆ. ಎಜ್ರ 7:22ರಲ್ಲಂತೂ ಉಪ್ಪನ್ನು ‘ಕೆತಾವ್ ಇಲ್ಲದೆ’ ಕೊಡಿ ಎಂಬ ಆಜ್ಞೆ, ಅಂದರೆ ಇಷ್ಟೇ ಎಂದು ಪ್ರಮಾಣ ನಮೂದಿಸದೆ. ಅಲ್ಲಿ ‘ಪುಸ್ತಕ’ ಹಾಕಿದರೆ ವಾಕ್ಯವೇ ನಿಲ್ಲುವುದಿಲ್ಲ.