ಬಾವಿ ಕೊರೆದವರ ಹೆಸರು ಎಲ್ಲರಿಗೂ ಗೊತ್ತು, ನೀರು ತಡೆದವರದು?

2025ರ ಶುರುವಿನಲ್ಲಿ ಒಂದು ಸುದ್ದಿ ಬಂತು. ಅರಬ್ಬೀ ಸಮುದ್ರದಲ್ಲಿರುವ ಮುಂಬೈ ಹೈ ತೈಲ ಕ್ಷೇತ್ರದ ಉತ್ಪಾದನೆ ಹೆಚ್ಚಿಸಲು ಓಎನ್‌ಜಿಸಿ ಬ್ರಿಟನ್ನಿನ ಬಿಪಿ ಕಂಪನಿಯ ತಾಂತ್ರಿಕ ನೆರವು ಪಡೆಯುತ್ತಿದೆ ಅಂತ. ತೈಲ ಮತ್ತು ಗ್ಯಾಸ್ ಸೇರಿ ಶೇ. 60ರವರೆಗೆ ಹೆಚ್ಚಾಗಬಹುದು ಎಂಬ ಅಂಕಿಯೂ ಜೊತೆಗೆ ಬಂತು. ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಅದೇ ಮಾತು. "ಹಾಗಾದ್ರೆ ಪೆಟ್ರೋಲ್ ಅಗ್ಗ ಆಗುತ್ತಾ ಸರ್?" ಅಂತ ನನ್ನನ್ನು ಕೇಳಿದವರು ಎಷ್ಟೋ ಜನ. ಎಣ್ಣೆ ಎಷ್ಟು ಬರುತ್ತೆ ಅಂತ ಎಲ್ಲರೂ ಕೇಳಿದರು. ಜೊತೆಗೆ ನೀರು ಎಷ್ಟು ಬರುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ.

ನಾನು ದುಡಿದದ್ದು ಸಿಮೆಂಟಿಂಗ್‌ನಲ್ಲಿ. ಜುಹುವಿನಿಂದ ಹೆಲಿಕಾಪ್ಟರ್ ಹತ್ತಿ ಸಮುದ್ರದ ನಡುವೆ ಬಾವಿ ಕೊರೆಯುವ ರಿಗ್‌ಗೆ ಹೋಗುವುದು, ಕೊರೆದ ಬಾವಿಯ ಸುತ್ತ ಸಿಮೆಂಟ್ ಕೂರಿಸುವುದು, ಹಳೇ ಬಾವಿಗೆ ನೀರು ನುಗ್ಗಿದರೆ ಆ ದಾರಿ ಮುಚ್ಚುವುದು. ಈಗ ನಿವೃತ್ತಿ ಆಗಿದೆ. ಈ ಕೆಲಸದ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಭೂಮಿಯ ಒಳಗೆ ಎಣ್ಣೆಯ ಕೆರೆ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೆರೆ ಇರುವುದಿಲ್ಲ. ಇರುವುದು ಕಲ್ಲು. ಆ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ತುಂಬಿರುತ್ತದೆ. ಮೇಲೆ ಗ್ಯಾಸ್, ಮಧ್ಯೆ ಎಣ್ಣೆ, ಕೆಳಗೆ ಉಪ್ಪು ನೀರು. ನಾವು ಮೇಲಿಂದ ಎಣ್ಣೆ ಎಳೆದಷ್ಟೂ ಕೆಳಗಿನ ನೀರು ಏರುತ್ತಾ ಬರುತ್ತದೆ. ಜಗತ್ತಿನ ಲೆಕ್ಕ ತೆಗೆದುಕೊಂಡರೆ, ಒಂದು ಬ್ಯಾರೆಲ್ ಎಣ್ಣೆಯ ಜೊತೆ ಸುಮಾರು ಮೂರು ಬ್ಯಾರೆಲ್ ನೀರು ಹೊರಗೆ ಬರುತ್ತದೆ. ಹಾಗೆ ನೋಡಿದರೆ ತೈಲ ಉದ್ಯಮ ಎಣ್ಣೆಗಿಂತ ಜಾಸ್ತಿ ನೀರನ್ನೇ ಎತ್ತುತ್ತದೆ.

ಬಂದರೆ ಬರಲಿ ಬಿಡಿ ಅನ್ನುವ ಹಾಗಿಲ್ಲ. ನೀರು ಎಣ್ಣೆಗಿಂತ ಭಾರ. ಪೈಪಿನೊಳಗೆ ಅದು ತುಂಬಿದರೆ ಆ ಭಾರಕ್ಕೇ ಬಾವಿ ಹರಿಯುವುದು ನಿಲ್ಲುತ್ತದೆ. ಕೆಳಗೆ ಎಣ್ಣೆ ಉಳಿದಿದ್ದರೂ ಬಾವಿ ಸತ್ತಂತೆ. ಉಪ್ಪು ನೀರು ಉಕ್ಕಿನ ಪೈಪನ್ನು ತಿನ್ನುತ್ತದೆ. ಮೇಲೆ ಬಂದ ನೀರನ್ನು ಎಣ್ಣೆಯಿಂದ ಬೇರೆ ಮಾಡಬೇಕು, ಶುದ್ಧ ಮಾಡದೆ ಸಮುದ್ರಕ್ಕೆ ಬಿಡುವಂತಿಲ್ಲ. ಇದಕ್ಕೆಲ್ಲ ದುಡ್ಡು, ವಿದ್ಯುತ್, ಸಮುದ್ರದಲ್ಲಿ ನಿಲ್ಲಿಸಿದ ಉಕ್ಕಿನ ಅಟ್ಟ ಅಂದರೆ ಪ್ಲಾಟ್‌ಫಾರ್ಮ್ ಮೇಲೆ ಜಾಗ ಬೇಕು. ಸಮುದ್ರದ ನಡುವೆ ಜಾಗದಷ್ಟು ದುಬಾರಿ ವಸ್ತು ಇನ್ನೊಂದಿಲ್ಲ.

ಮುಂಬೈ ಹೈ ಕಥೆಯನ್ನೇ ತೆಗೆದುಕೊಳ್ಳಿ. 1974ರ ಫೆಬ್ರವರಿಯಲ್ಲಿ ಸಾಗರ್ ಸಮ್ರಾಟ್ ರಿಗ್ ಅಲ್ಲಿ ಎಣ್ಣೆ ಕಂಡುಹಿಡಿಯಿತು. 1976ರ ಮೇ 21ರಂದು ಉತ್ಪಾದನೆ ಶುರುವಾಯಿತು. ಮುಖ್ಯ ಎಣ್ಣೆ ಇರುವುದು ಸುಣ್ಣದ ಕಲ್ಲಿನ ಪದರದಲ್ಲಿ. ನಾವು ಅದನ್ನು ಎಲ್-ತ್ರೀ ಅನ್ನುತ್ತೇವೆ. ಎಣ್ಣೆ ಎಳೆದ ಹಾಗೆ ಒಳಗಿನ ಒತ್ತಡ ಕುಸಿಯುತ್ತದೆ. ಅದಕ್ಕೆ 1984ರಿಂದ ಸಮುದ್ರದ ನೀರನ್ನೇ ಸೋಸಿ, ಅದರ ಆಮ್ಲಜನಕ ತೆಗೆದು, ಬೇರೆ ಬಾವಿಗಳ ಮೂಲಕ ಕಲ್ಲಿನೊಳಗೆ ತಳ್ಳಲು ಶುರು ಮಾಡಿದರು. ಆ ನೀರು ಒತ್ತಡವನ್ನು ಹಿಡಿದಿಡುತ್ತದೆ, ಎಣ್ಣೆಯನ್ನು ಉತ್ಪಾದನೆಯ ಬಾವಿಗಳ ಕಡೆ ದೂಡುತ್ತದೆ. ಒಳ್ಳೆಯ ಉಪಾಯವೇ. ಆದರೆ ಸುಣ್ಣದ ಕಲ್ಲು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಕೆಲವು ಪದರಗಳಲ್ಲಿ ನೀರು ಸರಾಗವಾಗಿ ಓಡುತ್ತದೆ. ಎಣ್ಣೆ ತುಂಬಿದ ಬಿಗಿ ಪದರಗಳನ್ನು ಅಲ್ಲೇ ಬಿಟ್ಟು, ಸುಲಭದ ದಾರಿ ಹಿಡಿದು, ನೇರ ಉತ್ಪಾದನೆಯ ಬಾವಿಗೆ ಬಂದು ಸೇರುತ್ತದೆ. ನಾವೇ ತಳ್ಳಿದ ನೀರನ್ನು ನಾವೇ ಮತ್ತೆ ಎತ್ತುತ್ತಾ ಕೂರುತ್ತೇವೆ.

ಇದನ್ನು ತಡೆಯುವ ಕೆಲಸಕ್ಕೆ ವಾಟರ್ ಶಟ್-ಆಫ್ ಅನ್ನುತ್ತಾರೆ. ಇದರಲ್ಲಿ ಕಷ್ಟದ ಭಾಗ ಸಿಮೆಂಟ್ ತಳ್ಳುವುದಕ್ಕಿಂತ ಮೊದಲೇ ಬರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹುಡುಕಬೇಕು. ಮುಂಬೈ, ಠಾಣೆ ಕಡೆ ಹಳೇ ಸೊಸೈಟಿಗಳಲ್ಲಿ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಎರಡನೇ ಮಹಡಿಯ ಬೆಡ್‌ರೂಮ್ ಗೋಡೆಯಲ್ಲಿ ನೀರು ಜಿನುಗುತ್ತದೆ. ಗೋಡೆಗೆ ಪ್ಲಾಸ್ಟರ್ ಮಾಡಿಸುತ್ತಾರೆ, ಬಣ್ಣ ಬಳಿಸುತ್ತಾರೆ. ಮುಂದಿನ ಜೂನ್‌ನಲ್ಲಿ ಮತ್ತೆ ಅದೇ. ನೀರು ಒಳಗೆ ಬಂದದ್ದು ಟೆರೇಸಿನ ಮೂಲೆಯ ಬಿರುಕಿನಿಂದ. ಬಾವಿಯಲ್ಲೂ ಹಾಗೇ. ಎಣ್ಣೆಯ ಪದರದ ಎದುರು ಪೈಪಿನಲ್ಲಿ ಮಾಡಿದ ರಂಧ್ರದಿಂದ ನೀರು ಬಂತು ಅಂದ ಮಾತ್ರಕ್ಕೆ ಆ ಪದರದಲ್ಲೇ ನೀರಿದೆ ಅಂತಲ್ಲ. ಎಷ್ಟೋ ಅಡಿ ಕೆಳಗಿನ ಪದರದ ನೀರು, ಪೈಪ್ ಮತ್ತು ಕಲ್ಲಿನ ನಡುವೆ ಸಿಮೆಂಟ್ ಸರಿ ಕೂರದ ಸಂದಿಯಲ್ಲಿ ಹತ್ತಿ ಬಂದಿರಬಹುದು. ತುಕ್ಕು ಹಿಡಿದ ಪೈಪಿನ ತೂತಿನಿಂದ ಬಂದಿರಬಹುದು. ತಳದ ನೀರೇ ಎಣ್ಣೆಯನ್ನು ಸೀಳಿಕೊಂಡು ಏರಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಈ ಹೋರಾಟ ತೈಲ ಉದ್ಯಮದಷ್ಟೇ ಹಳೆಯದು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ತನ್ನ ಪ್ರಸಿದ್ಧ ಬಾವಿ ಕೊರೆದಾಗ ಮೊದಲು ಕಾಡಿದ್ದೇ ನೀರು. ಮೇಲಿನ ಸಡಿಲ ಮಣ್ಣಿನಿಂದ ನೀರು, ಕೆಸರು ಒಳಗೆ ಕುಸಿಯುತ್ತಿತ್ತು. ಆತ ಕಬ್ಬಿಣದ ಪೈಪನ್ನು ಗಟ್ಟಿ ಕಲ್ಲು ಸಿಗುವವರೆಗೆ ಬಡಿದು ಇಳಿಸಿ, ಅದರೊಳಗೆ ಕೊರೆದ. ನಮ್ಮ ಊರುಗಳ ಬೋರ್‌ವೆಲ್‌ಗೆ ಕೇಸಿಂಗ್ ಪೈಪ್ ಹಾಕುವುದೂ ಇದೇ ಕಾರಣಕ್ಕೆ.

ಅದರ ನಂತರದ ಉಪಾಯ ನನಗೆ ತುಂಬಾ ಇಷ್ಟ. ಚರ್ಮದ ಚೀಲದಲ್ಲಿ ಅಗಸೆ ಬೀಜ ತುಂಬಿ, ಪೈಪಿನ ಸುತ್ತ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬೀಜ ನೀರು ಕುಡಿದು ಉಬ್ಬಿ, ಪೈಪ್ ಮತ್ತು ಕಲ್ಲಿನ ನಡುವಿನ ಸಂದಿಯನ್ನು ಬಿಗಿಯಾಗಿ ಮುಚ್ಚುತ್ತಿತ್ತು. ನಾನು ಬಾಗಲಕೋಟೆ ಕಡೆಯವನು. ರೊಟ್ಟಿ ಜೊತೆ ಅಗಸಿ ಹಿಂಡಿ ತಿಂದು ಬೆಳೆದವನು. ಆ ಬೀಜ ನೆನೆದರೆ ಹೇಗೆ ಲೋಳೆಯಾಗಿ ಉಬ್ಬುತ್ತದೆ ಅಂತ ನಮ್ಮ ಮನೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ತೈಲ ಬಾವಿಗಳ ಮೊದಲ ಕಾಲದ ಬೀಗಗಳಲ್ಲಿ ಅದೂ ಒಂದು ಅಂತ ಓದಿದ ದಿನ ಊರಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದ್ದೆ.

ಸಿಮೆಂಟ್ ಬಂದದ್ದು ಆಮೇಲೆ. 1903ರಲ್ಲಿ ಕ್ಯಾಲಿಫೋರ್ನಿಯಾದ ಲೊಂಪಾಕ್ ಕ್ಷೇತ್ರದಲ್ಲಿ ಯೂನಿಯನ್ ಆಯಿಲ್ ಕಂಪನಿಯ ಫ್ರಾಂಕ್ ಹಿಲ್ ಎಂಬಾತ 50 ಚೀಲ ಸಿಮೆಂಟ್ ಕಲಸಿ ಬಾವಿಯ ತಳಕ್ಕೆ ಸುರಿದ. 28 ದಿನ ಕಾದ. ಆಮೇಲೆ ಗಟ್ಟಿಯಾದ ಸಿಮೆಂಟನ್ನು ಕೊರೆದುಕೊಂಡು ಕೆಳಗೆ ಹೋದ. ನೀರು ನಿಂತಿತ್ತು. ಎಣ್ಣೆ ಬಂತು.

ಆ 28 ದಿನದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಈಗಿನ ಸಿಮೆಂಟ್ ಬೇರೆ, ಅದಕ್ಕೆ ಸೇರಿಸುವ ರಾಸಾಯನಿಕಗಳು ಬೇರೆ. ಬಾವಿಯ ಆಳದ ಬಿಸಿ, ಒತ್ತಡ ಎಷ್ಟು ಅಂತ ನೋಡಿ, ಪಂಪ್ ಮಾಡುವಷ್ಟು ಹೊತ್ತು ತೆಳ್ಳಗಿದ್ದು ಆಮೇಲೆ ಬೇಗ ಗಟ್ಟಿಯಾಗುವಂತೆ ಲ್ಯಾಬ್‌ನಲ್ಲಿ ಹದ ಮಾಡುತ್ತೇವೆ. ಹಾಗಾಗಿ ಈಗ ಗಂಟೆಗಳ ಲೆಕ್ಕ. ಆದರೆ ಆ ಗಂಟೆಗಳನ್ನೂ ಕೊಡಲು ಮನಸ್ಸಿಲ್ಲದವರನ್ನು ನಾನು ನೋಡಿದ್ದೇನೆ. ರಿಗ್‌ಗೆ ದಿನಬಾಡಿಗೆ ಇರುತ್ತದೆ, ಅದು ಸಣ್ಣ ಮೊತ್ತವಲ್ಲ. ಕೊರೆಯುವಾಗ ಆ ದುಡ್ಡು ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ಸಿಮೆಂಟ್ ಗಟ್ಟಿಯಾಗಲಿ ಅಂತ ಸುಮ್ನೆ ಕಾಯುವಾಗ ಸೋರಿ ಹೋಗುತ್ತಿದೆ ಅನ್ನಿಸುತ್ತದೆ. ಬೆಳಗಿನ ರಿಪೋರ್ಟ್‌ನಲ್ಲಿ ಎಷ್ಟು ಮೀಟರ್ ಕೊರೆದಿರಿ ಅಂತ ಕೇಳುತ್ತಾರೆ. ಸಂದಿಯಲ್ಲಿ ಸಿಮೆಂಟ್ ಹೇಗೆ ಕೂತಿದೆ ಅಂತ ಅದೇ ಆಸಕ್ತಿಯಿಂದ ಕೇಳುವವರು ಕಡಿಮೆ.

ಕೂರಿಸುವುದೂ ಸುಲಭವಲ್ಲ. ಕೊರೆಯುವಾಗ ಬಾವಿಯ ತುಂಬ ಮಡ್ ಅನ್ನುವ ಕೆಸರಿನಂಥ ದ್ರವ ಇರುತ್ತದೆ. ಅದನ್ನು ಪೂರ್ತಿ ಹೊರಗೆ ತಳ್ಳಿ ಆ ಜಾಗಕ್ಕೆ ಸಿಮೆಂಟ್ ಬರಬೇಕು. ಪೈಪ್ ಬಾವಿಯ ನಟ್ಟ ನಡುವೆ ಇದ್ದರೆ ಮಾತ್ರ ಸಿಮೆಂಟ್ ಸುತ್ತಲೂ ಸಮನಾಗಿ ಏರುತ್ತದೆ. ಪೈಪ್ ಒಂದು ಕಡೆ ಒರಗಿದರೆ ಅಗಲದ ಬದಿಯಲ್ಲಿ ಸಿಮೆಂಟ್ ಓಡುತ್ತದೆ, ಕಿರಿದಾದ ಬದಿಯಲ್ಲಿ ಮಡ್ ಹಾಗೇ ನಿಲ್ಲುತ್ತದೆ. ವರ್ಷಗಳ ಮೇಲೆ ಅದೇ ನೀರಿನ ದಾರಿ. ಪೈಪನ್ನು ನಡುವೆ ನಿಲ್ಲಿಸಲು ಸೆಂಟ್ರಲೈಜರ್ ಎಂಬ ಕಬ್ಬಿಣದ ಪಟ್ಟಿಯ ಬಳೆ ಹಾಕುತ್ತೇವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ಹೇಳುತ್ತಿದ್ದರು: "ನೋಡು ಮಾರಾಯ, ಪೈಪು ಓರೆ ಕೂತರೆ ದೇವರೇ ಬಂದರೂ ಸಿಮೆಂಟು ಕೂರುವುದಿಲ್ಲ." ಒಂದೊಂದು ಸೆಂಟ್ರಲೈಜರನ್ನೂ ಕೈಯಿಂದ ಅಲ್ಲಾಡಿಸಿ ನೋಡದೆ ಅವರು ಪೈಪ್ ಇಳಿಸಲು ಬಿಡುತ್ತಿರಲಿಲ್ಲ. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ಕೂತಿದೆಯೋ ಇಲ್ಲವೋ ಅಂತ ನೋಡುವುದು ಶಬ್ದದಿಂದ. ಒಂದು ಉಪಕರಣವನ್ನು ತಂತಿಯಲ್ಲಿ ಇಳಿಸಿ ಶಬ್ದ ಹೊರಡಿಸುತ್ತಾರೆ. ಪೈಪಿಗೆ ಸಿಮೆಂಟ್ ಗಟ್ಟಿಯಾಗಿ ಅಂಟಿದ್ದರೆ ಶಬ್ದ ಅಡಗುತ್ತದೆ. ಅಂಟದೇ ಇದ್ದರೆ ಪೈಪ್ ಜೋರಾಗಿ ಮೊಳಗುತ್ತದೆ. ಇದೇ ಸಿಮೆಂಟ್ ಬಾಂಡ್ ಲಾಗ್. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಗಿ 11 ಜನ ಸತ್ತರು. ಬಾವಿಯ ತಳದ ಸಿಮೆಂಟ್ ಗ್ಯಾಸನ್ನು ತಡೆದಿರಲಿಲ್ಲ. ಈ ಪರೀಕ್ಷೆಗೆಂದೇ ರಿಗ್‌ಗೆ ಬಂದಿದ್ದ ತಂಡವನ್ನು ಅದೇ ಬೆಳಗ್ಗೆ ಪರೀಕ್ಷೆ ಮಾಡಿಸದೆ ವಾಪಸ್ ಕಳಿಸಿದ್ದರು. 87 ದಿನ ಎಣ್ಣೆ ಸಮುದ್ರಕ್ಕೆ ಹರಿಯಿತು. ಆ ಪರೀಕ್ಷೆಯೊಂದರಿಂದಲೇ ಎಲ್ಲ ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಬೇಡ ಅನ್ನಿಸಿದ ಆ ಮನಸ್ಥಿತಿ ನನಗೆ ಪರಿಚಯ ಇದೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಹಳೇ ಬಾವಿಗೆ ನೀರು ಬಂದರೆ ದಾರಿಗಳು ಹಲವು ಇವೆ. ನೀರು ತಳದಲ್ಲಿದ್ದರೆ ಒಂದು ಪ್ಲಗ್ ಕೂರಿಸಿ ಕೆಳಭಾಗವನ್ನೇ ಮುಚ್ಚಬಹುದು. ಸಂದಿ ಇದ್ದರೆ ಪೈಪಿಗೆ ರಂಧ್ರ ಮಾಡಿ ಒತ್ತಡದಲ್ಲಿ ಸಿಮೆಂಟ್ ತುರುಕುತ್ತೇವೆ. ಅದು ಸ್ಕ್ವೀಜ್ ಜಾಬ್. ಕಲ್ಲಿನೊಳಗೇ ದಾರಿ ಇದ್ದರೆ ನೀರಿನಂತೆ ತೆಳ್ಳಗಿನ ಪಾಲಿಮರ್ ದ್ರಾವಣ ಕಳಿಸುತ್ತಾರೆ, ಅದು ಒಳಗೆ ಹೋಗಿ ಜೆಲ್ ಆಗುತ್ತದೆ. ಜೆಲ್‌ಗೆ ಎಣ್ಣೆ ಯಾವುದು ನೀರು ಯಾವುದು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಲೆಕ್ಕ ತಪ್ಪಿದರೆ ಎಣ್ಣೆಯ ದಾರಿಯೂ ಮುಚ್ಚುತ್ತದೆ. ಅದಕ್ಕೇ ಹುಡುಕಾಟಕ್ಕೆ ಸಮಯ ಕೊಡಿ ಅಂತ ನಾವು ಬೇಡುವುದು.

ಇನ್ನು ಕೊನೆಯ ಮುಚ್ಚುವಿಕೆ. ಎಣ್ಣೆ ಮುಗಿದ ಬಾವಿಯನ್ನು ಶಾಶ್ವತವಾಗಿ ಮುಚ್ಚಬೇಕು. ಬೇರೆ ಬೇರೆ ಆಳದಲ್ಲಿ ಸಿಮೆಂಟ್ ಪ್ಲಗ್ ಹಾಕಬೇಕು, ಸಮುದ್ರದ ತಳಕ್ಕಿಂತ ಕೆಳಗೆ ಪೈಪ್ ಕತ್ತರಿಸಬೇಕು. ಇದರಿಂದ ಒಂದು ರೂಪಾಯಿ ಆದಾಯ ಇಲ್ಲ. ಅದಕ್ಕೇ ಜಗತ್ತಿನಾದ್ಯಂತ ಇದನ್ನು ಮುಂದೂಡುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ಹಿಂದೆ ಮರದ ದಿಮ್ಮಿ, ಕಲ್ಲು ತುರುಕಿ ಹೋಗಿದ್ದರು. ಕ್ಯಾಲಿಫೋರ್ನಿಯಾ 1915ರಲ್ಲೇ ಇದಕ್ಕೊಂದು ಇಲಾಖೆ ಮಾಡಿತು. ಸರಿಯಾಗಿ ಮುಚ್ಚದ ಬಾವಿಗಳಿಂದ ಅಕ್ಕಪಕ್ಕದ ಎಣ್ಣೆಗೂ ನೀರು ನುಗ್ಗುತ್ತಿತ್ತು. ಆದರೂ 2021ರಲ್ಲಿ ಅಮೆರಿಕ ಸರ್ಕಾರ ವಾರಸುದಾರರಿಲ್ಲದ ಬಾವಿಗಳನ್ನು ಮುಚ್ಚಲು 470 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಎಣ್ಣೆ ಮಾರಿ ಲಾಭ ಮಾಡಿದವರು ಹೋದರು, ಖರ್ಚು ಜನರ ಮೇಲೆ ಬಂತು.

ನಮ್ಮಲ್ಲಿ ಹಾಗಾಗಬಾರದು. ನಮ್ಮಲ್ಲಿ ವ್ಯವಸ್ಥೆ ಇಲ್ಲ ಅಂತಲ್ಲ. 1999ರಲ್ಲೇ ಸೈಟ್ ರೆಸ್ಟೋರೇಷನ್ ಫಂಡ್ ಯೋಜನೆ, ಅಂದರೆ ಕೊನೆಗೆ ಬಾವಿ ಮುಚ್ಚಿ ಜಾಗ ಸರಿಮಾಡಲು ಹಣ ಎತ್ತಿಡುವ ಯೋಜನೆ, ಬಂದಿದೆ. ಅದರಲ್ಲಿ ಇಟ್ಟ ಹಣಕ್ಕೆ ಕಂಪನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. 2018ರಲ್ಲಿ ಮಾರ್ಗಸೂಚಿಗಳೂ ಬಂದವು. ಮುಂಬೈನಿಂದ ವಾಯವ್ಯಕ್ಕಿರುವ ತಾಪ್ತಿ ಕ್ಷೇತ್ರದ ಪ್ಲಾಟ್‌ಫಾರ್ಮ್‌ಗಳನ್ನು ಬಿಚ್ಚಿ ತೆಗೆದ ಕೆಲಸ ನಮ್ಮ ದೇಶದ ಸಮುದ್ರದಲ್ಲಿ ಅಂಥ ಮೊದಲನೆಯದು. ಅದರ ಬಗ್ಗೆ ನನಗೆ ನಿಜವಾಗಿ ಹೆಮ್ಮೆ ಇದೆ. ಒಂದು ರೂಪಾಯಿ ನೋಟನ್ನು ತಿರುಗಿಸಿ ನೋಡಿ, ಅಲ್ಲಿ ಸಾಗರ್ ಸಮ್ರಾಟ್ ಚಿತ್ರ ಇದೆ. ಕೊರೆದ ರಿಗ್‌ಗೆ ಆ ಗೌರವ ಸಲ್ಲಬೇಕಾದದ್ದೇ. ತಾಪ್ತಿಯಲ್ಲಿ ಮುಚ್ಚಿದವರ ಬಗ್ಗೆ ಶಾಲೆಯ ಪುಸ್ತಕದಲ್ಲಿ ಒಂದು ಪುಟ ಬಂದರೆ ಸಾಕು.

ಮುಂಬೈ ಹೈಗೆ ಈಗ ಐವತ್ತು ವರ್ಷ. ಉತ್ಪಾದನೆ ಹೆಚ್ಚಿಸುವ ಪ್ರತಿಯೊಂದು ಘೋಷಣೆಯ ಜೊತೆ ಮೂರು ಲೆಕ್ಕ ನಮಗೆ ಹೇಳಬೇಕು. ಎಷ್ಟು ನೀರು ಬರುತ್ತಿದೆ, ಎಷ್ಟು ಬಾವಿಗಳಲ್ಲಿ ನೀರಿನ ದಾರಿ ಹುಡುಕಿ ಮುಚ್ಚಿದ್ದಾರೆ, ಕೊನೆಗೆ ಮುಚ್ಚಲು ಎಷ್ಟು ಹಣ ಇಟ್ಟಿದ್ದಾರೆ. ಶಾಶ್ವತವಾಗಿ ಮುಚ್ಚಿದ ಬಾವಿ ಎಲ್ಲಿದೆ, ಪೈಪನ್ನು ಎಷ್ಟು ಆಳದಲ್ಲಿ ಕತ್ತರಿಸಿದ್ದಾರೆ ಅನ್ನುವುದು ಸಸೂನ್ ಡಾಕ್‌ನಿಂದ ಬೋಟ್ ಬಿಡುವ ಕೋಳಿ ಸಮುದಾಯದ ಮೀನುಗಾರರ ಕೈಗೆ ಮರಾಠಿಯಲ್ಲಿ ಸಿಗಬೇಕು. ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್ ಒಳಗೆ ಅವರಿಗೆ ಈಗ ಪ್ರವೇಶ ಇಲ್ಲ. ಪ್ಲಾಟ್‌ಫಾರ್ಮ್ ಹೋದ ಮೇಲೆ ಆ ನೀರಿನಲ್ಲಿ ಬಲೆ ಎಳೆಯುವವರು ಅವರೇ ಅಲ್ವಾ?