ಎಂಟು ಫೇಡರಿಗೆ ಒಂಬತ್ತು ಡ್ರಾಬಾರು

ಕಂಪ್ಯೂಟರಿಗೆ ಹಚ್ಚಿ ನುಡಿಸುವ ಮಿಡಿ ಕೀಬೋರ್ಡ್ ತಯಾರಿಸುವವರಿಗೆ ಎಂಟರ ಮೇಲೆ ಅದೇನು ಮೋಹವೋ! ತಿರುಗಿಸಲು ಎಂಟು ನಾಬು, ತಟ್ಟಲು ಎಂಟು ಪ್ಯಾಡು, ಸರಿಸಲು ಎಂಟು ಫೇಡರು. ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನ ಡ್ರಾಬಾರುಗಳು, ಅಂದರೆ ದನಿಯ ಒಂದೊಂದು ಪದರವನ್ನು ಹೆಚ್ಚುಕಡಿಮೆ ಮಾಡುವ ಎಳೆಪಟ್ಟಿಗಳು, ಮಾತ್ರ ಸಾಲಿಗೆ ಒಂಬತ್ತು. 1935ರಲ್ಲಿ ಮಾರಾಟಕ್ಕೆ ಬಂದಾಗಲೂ ಒಂಬತ್ತೇ ಇದ್ದವು, ಇದೇನು ಗುಟ್ಟಲ್ಲ. ಒಂಬತ್ತನೇ ಫೇಡರ್ ಇರುವ ಕೀಬೋರ್ಡ್ ಸಿಕ್ಕಿತು ಅಂದುಕೊಳ್ಳಿ, ಅದು ‘ಮಾಸ್ಟರ್’ ಅಂತ ಹಣೆಪಟ್ಟಿ ಅಂಟಿಸಿಕೊಂಡು, ಮುನಿಸಿಕೊಂಡ ನೆಂಟನ ಹಾಗೆ ಉಳಿದವರಿಂದ ದೂರ ನಿಂತಿರುತ್ತದೆ.

ಆದ್ದರಿಂದ ಆ ಆರ್ಗನ್ನನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ ಹುಡುಕುತ್ತ ‘ಯಾವ ಆರ್ಗನ್ ಪ್ಲಗಿನ್ ಚೆನ್ನಾಗಿದೆ?’ ಅಂತ ಯಾರಾದರೂ ಕೇಳಿದರೆ ಮೊದಲು ಕೇಳಬೇಕಾದ ಮರುಪ್ರಶ್ನೆ: ‘ನಿಮ್ಮಲ್ಲಿ ಫೇಡರ್ ಎಷ್ಟಿವೆ?’

ಎಂಟರಲ್ಲೇ ಹೇಗೋ ಸುಧಾರಿಸೋಣ ಎಂದು ಕೂತರೆ ಮೊದಲ ಎಡವಟ್ಟು ದಿಕ್ಕಿನದು. ಡ್ರಾಬಾರನ್ನು ನಮ್ಮ ಕಡೆಗೆ ಎಳೆದರೆ ಸದ್ದು ಹೆಚ್ಚುತ್ತದೆ, ಫೇಡರನ್ನು ನಮ್ಮ ಕಡೆಗೆ ಎಳೆದರೆ ತಗ್ಗುತ್ತದೆ. ಜಾಝ್ ನುಡಿಸುವವರಿಗೆಲ್ಲ ಬಾಯಿಪಾಠವಾಗಿರುವ ಸೆಟ್ಟಿಂಗ್ 888000000: ಎಡಗಡೆಯ ಮೂರು ಪೂರ್ತಿ ಹೊರಗೆ, ಉಳಿದ ಆರು ಪೂರ್ತಿ ಒಳಗೆ. ಪರದೆಯ ಮೇಲಿನ ಚಿತ್ರ ನೋಡಿಕೊಂಡು ಕೈ ಹಾಗೆಯೇ ಮೂರು ಫೇಡರ್ ಎಳೆದು ಐದನ್ನು ದೂಡುತ್ತದೆ. ಬರುವುದು 000888880. ತುಂಬುಕೊರಳಿನ ಬದಲು ತಗಡಿನ ಮೇಲೆ ಮೊಳೆ ಗೀಚಿದ ಸದ್ದು. ಫೇಡರಿನ ದಿಕ್ಕು ತಿರುಗಿಸಲು, ಅಂದರೆ 0ಯಿಂದ 127ರ ಮಿಡಿ ಅಳತೆಯಲ್ಲಿ ಕನಿಷ್ಠಕ್ಕೆ 127, ಗರಿಷ್ಠಕ್ಕೆ 0 ಕೊಡಲು, ಪ್ಲಗಿನ್ ಬಿಡುತ್ತದೆಯೇ ಎನ್ನುವುದನ್ನು ಟ್ರಯಲ್ ಅವಧಿಯಲ್ಲೇ ನೋಡಿಕೊಳ್ಳಬೇಕು. ಆದರೆ ಟ್ರಯಲ್ ಅವಧಿಯಲ್ಲಿ ಅದನ್ನು ಯಾರು ನೋಡುತ್ತಾರೆ? ಎಲ್ಲರೂ ಒಂದೇ ಸಿ ಮೇಜರ್ ಕಾರ್ಡ್ ಒತ್ತಿ ಹಿಡಿದು, ಮುನ್ನೂರು ಪ್ರಿಸೆಟ್‌ಗಳನ್ನು ಒಂದೊಂದಾಗಿ ದಾಟಿ, ಕೊನೆಗೆ ಮೊದಲನೆಯದಕ್ಕೇ ಮರಳುತ್ತಾರೆ. ಒಂಬತ್ತು ಡ್ರಾಬಾರು, ಒಂದೊಂದಕ್ಕೂ 0ಯಿಂದ 8ರವರೆಗೆ ಒಂಬತ್ತು ನೆಲೆ. ಗುಣಿಸಿದರೆ 38,74,20,489 ಬಗೆ. ದಿನಬಳಕೆಗೆ ಬರುವುದು ನಾಲ್ಕು.

ಇನ್ನು ಆ ಒಂಬತ್ತನೆಯದು. ಡ್ರಾಬಾರುಗಳ ಸಾಲಿನಲ್ಲಿ ಎಡತುದಿಯದು 16 ಅಡಿಯದು (ಪೈಪ್ ಆರ್ಗನ್ನಿನ ಕೊಳವೆಯ ಉದ್ದದ ಲೆಕ್ಕ), ಬಲತುದಿಯದು 1 ಅಡಿಯದು, ಎಲ್ಲಕ್ಕಿಂತ ಎತ್ತರದ ಸ್ವರ. ಅದನ್ನು ಬಿಟ್ಟುಬಿಟ್ಟರೂ ಮುಕ್ಕಾಲು ಪಾಲು ಹಾಡುಗಳಿಗೆ ಏನೂ ಆಗುವುದಿಲ್ಲ. ಆದರೆ ಬಿಡಲೊಲ್ಲದ ಹಟಮಾರಿಯೊಬ್ಬ ನಮ್ಮೆಲ್ಲರೊಳಗೂ ಇದ್ದಾನಲ್ಲ. ಅವನು ಒಂದು ನಾಬನ್ನು ಗೊತ್ತುಮಾಡುತ್ತಾನೆ. ಪರದೆಯ ಡ್ರಾಬಾರಿನ ಮೇಲೆ ರೈಟ್ ಕ್ಲಿಕ್, ‘ಮಿಡಿ ಲರ್ನ್’, ನಾಬು ತಿರುಗಿಸು, ಆಯಿತು. ಆಗಲಿಲ್ಲ. ಅದೇ ನಾಬು ಇನ್ನೊಂದು ಟ್ರ್ಯಾಕಿನ ಫಿಲ್ಟರಿಗೂ ಗಂಟುಬಿದ್ದಿದೆ. ಆರ್ಗನ್ ಮಿನುಗಿದಾಗಲೆಲ್ಲ ಬೇಸ್ ಮಂಕಾಗುತ್ತದೆ. ಕಂಟ್ರೋಲರ್ ಸಂಖ್ಯೆ ಬದಲಿಸಬೇಕು, ಅದಕ್ಕೆ ಕೀಬೋರ್ಡ್ ಕಂಪನಿಯ ಎಡಿಟರ್ ಬೇಕು, ಎಡಿಟರಿಗೆ ಫರ್ಮ್‌ವೇರ್ ಹೊಸದಾಗಬೇಕು, ಫರ್ಮ್‌ವೇರ್ ಹೊಸದಾದ ಮೇಲೆ ಹಿಂದೆ ಕಟ್ಟಿದ ಎಂಟೂ ಅಳಿಸಿಹೋಗಬೇಕು. ಎರಡು ಗಂಟೆಯ ನಂತರ ಒಂಬತ್ತೂ ಕೈಗೆ ಬಂದವು. ನಾಬು ತಿರುಗಿಸಿದರೆ ಬೆಳ್ಳಿಯ ಗೆಜ್ಜೆಯಂಥ ಸ್ವರ ಏಳುತ್ತದೆ, ತಗ್ಗುತ್ತದೆ. ಆ ಖುಷಿಯಲ್ಲಿ ಅವನು, ಸ್ವರದ ಮೊದಲಿಗೆ ಗಂಟೆಯಂಥ ಪೆಟ್ಟು ಸೇರಿಸುವ ಪರ್ಕಶನ್ ಸ್ವಿಚ್ ಒತ್ತುತ್ತಾನೆ.

ಒಂಬತ್ತನೇ ಡ್ರಾಬಾರ್ ಸತ್ತುಹೋಗುತ್ತದೆ.

ನಾಬು ತಿರುಗಿಸುತ್ತಾನೆ. ಪರದೆಯ ಮೇಲೆ ಡ್ರಾಬಾರ್ ಒಳಗೂ ಹೊರಗೂ ಓಡಾಡುತ್ತಿದೆ, ಸದ್ದಿಲ್ಲ. ಯುಎಸ್‌ಬಿ ಕೇಬಲ್ ಕಿತ್ತು ಚುಚ್ಚುತ್ತಾನೆ. ಡ್ರೈವರ್ ಬದಲಿಸುತ್ತಾನೆ. ಪ್ಲಗಿನ್ ತೆಗೆದು ಮತ್ತೆ ಹಾಕುತ್ತಾನೆ. ಕೊನೆಗೆ ಪ್ಲಗಿನ್ ಬರೆದವರಿಗೆ ಉದ್ದನೆಯ ದೂರು ಬರೆದರೆ ಒಂದೇ ಸಾಲಿನ ಉತ್ತರ: ಅಸಲಿ ವಾದ್ಯವೂ ಹೀಗೇ ಮಾಡುತ್ತದೆ, ಸ್ವಾಮಿ. ಮಾತು ನಿಜ. ಹ್ಯಾಮಂಡ್‌ನ ಹೆಸರಾಂತ ಮಾದರಿ ಬಿ-3ಯ ಒಂದೊಂದು ಕೀಲಿಯ ಕೆಳಗೂ ಇರುವುದು ಒಂಬತ್ತೇ ತಂತಿ ಸಂಪರ್ಕ, ಡ್ರಾಬಾರಿಗೊಂದರಂತೆ. ಪರ್ಕಶನ್ ಸೇರಿಸುವಾಗ ಕೀಲಿ ಒತ್ತಿದ್ದು ಗೊತ್ತಾಗಲು ಒಂದು ಸಂಪರ್ಕ ಬೇಕಾಯಿತು, ಹತ್ತನೆಯದು ಇರಲಿಲ್ಲ, ಒಂಬತ್ತನೆಯದನ್ನೇ ಕಸಿದುಕೊಂಡರು. ಅದೇ ಕಾರಣಕ್ಕೆ ಒತ್ತಿದ ಕೀಲಿಗಳನ್ನೆಲ್ಲ ಬಿಟ್ಟು ಮತ್ತೆ ಒತ್ತದ ಹೊರತು ಪರ್ಕಶನ್ ಎರಡನೇ ಸಲ ಮೊಳಗುವುದಿಲ್ಲ. ಕೈಯೆತ್ತದೆ ನುಡಿಸುವ ಪಿಯಾನೋದವರ ಮುಂದಿನ ದೂರು ಇದರ ಮೇಲೆಯೇ ಇರುತ್ತದೆ. ಪ್ಲಗಿನ್ ಎಷ್ಟು ನಿಷ್ಠಾವಂತವೋ ಅಷ್ಟು ಕೆಟ್ಟಂತೆ ಕಾಣಿಸುತ್ತದೆ. ಕೆಲವರು ಇದಕ್ಕೊಂದು ಸ್ವಿಚ್ ಕೊಟ್ಟಿರುತ್ತಾರೆ, ಮೂರನೇ ಪುಟದ ಮೂಲೆಯಲ್ಲಿ.

ಈ ಪ್ಲಗಿನ್‌ಗಳಲ್ಲಿ ಪೈಪೋಟಿ ನಡೆಯುವುದೇ ಕುಂದುಗಳ ಮೇಲೆ. ಆ ಒಂಬತ್ತು ಸಂಪರ್ಕಗಳು ಒಂದೇ ಕ್ಷಣಕ್ಕೆ ತಾಗದೆ ಹಿಂದೆಮುಂದಾಗುವುದರಿಂದ ಸ್ವರದ ಮೊದಲಿಗೆ ‘ಟಿಕ್’ ಅನ್ನುತ್ತದೆ. ಹ್ಯಾಮಂಡ್ ಕಂಪನಿಯವರಿಗೆ ಅದು ತೊಲಗಬೇಕಾದ ದೋಷ, ನುಡಿಸುವವರಿಗೆ ಪ್ರಾಣ. ಇಂದು ಅದಕ್ಕೊಂದು ಸ್ಲೈಡರು, ಅಸಲಿ ವಾದ್ಯದಲ್ಲಿ ಸ್ವರ ಹುಟ್ಟಿಸುವ ಚಕ್ರಗಳಲ್ಲಿ ಪಕ್ಕದ್ದರ ಸ್ವರ ಸೋರುವುದಕ್ಕೊಂದು, ವಯಸ್ಸಾಗುವುದಕ್ಕೂ ಒಂದು.

ಕೊಳ್ಳುವವರು ನಿಜವಾಗಿ ಕಿವಿಗೊಡಬೇಕಾದದ್ದು ಲೆಸ್ಲಿಗೆ, ಆ ತಿರುಗುವ ಸ್ಪೀಕರಿಗೆ. ಡ್ರಾಬಾರಿನ ಲೆಕ್ಕವನ್ನು ಹೆಚ್ಚುಕಡಿಮೆ ಎಲ್ಲ ಪ್ಲಗಿನ್‌ಗಳೂ ಸರಿಯಾಗಿ ಮಾಡುತ್ತವೆ, ಉಚಿತವಾಗಿ ಸಿಗುವ ಸೆಟ್‌ಬಿಫ್ರೀ ಕೂಡ. ಸೋಲುವುದು ಇಲ್ಲಿ. ಒಂದು ಕಾರ್ಡ್ ಹಿಡಿದು ನಿಧಾನದಿಂದ ವೇಗಕ್ಕೆ ಹಾಕಿ. ಮೇಲಿನ ಹಗುರ ಕಹಳೆ ಚಕ್ಕನೆ ಓಟ ಹಿಡಿಯಬೇಕು, ಕೆಳಗಿನ ಭಾರದ ಡ್ರಮ್ ಹಲವು ಸೆಕೆಂಡು ಏದುಸಿರು ಬಿಟ್ಟು ಜೊತೆಗೂಡಬೇಕು. ಎರಡೂ ಒಟ್ಟಿಗೇ ಹೊರಟರೆ ಆ ಪ್ಲಗಿನ್ ಬಿಟ್ಟು ಬೇರೆಯದನ್ನು ನೋಡಿ. ವೇಗ ಬದಲಿಸಲು ಸಸ್ಟೇನ್ ಪೆಡಲ್ ಕಟ್ಟಿಕೊಳ್ಳುವುದು ವಾಡಿಕೆ. ಆದರೆ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಕೀಬೋರ್ಡ್ ಆನ್ ಮಾಡಿದರೆ ಕೆಲವು ಕೀಬೋರ್ಡುಗಳಲ್ಲಿ ಒತ್ತಿದ್ದು ಬಿಟ್ಟಂತೆ, ಬಿಟ್ಟದ್ದು ಒತ್ತಿದಂತೆ ಆಗುತ್ತದೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಸಿದ್ಧಮಾಡುವ ಧ್ವನಿಯ ತುಣುಕು, 128 ಸ್ಯಾಂಪಲ್ ಇಡಿ. ಸೆಕೆಂಡಿಗೆ 48,000 ಸ್ಯಾಂಪಲ್ ದರದಲ್ಲಿ ಅದು ಸುಮಾರು 2.7 ಮಿಲಿಸೆಕೆಂಡು. 1024 ಇಟ್ಟರೆ 21 ಮಿಲಿಸೆಕೆಂಡು ದಾಟುತ್ತದೆ. ಬೆರಳಿಗೂ ಕಿವಿಗೂ ಜಗಳ ಶುರು.

ಇದೆಲ್ಲ ಬೇಸರ ಬಂದು ಪೈಪ್ ಆರ್ಗನ್ ಕಡೆ ತಿರುಗುವವರೂ ಇದ್ದಾರೆ. ಅದಕ್ಕಿರುವ ತಂತ್ರಾಂಶಗಳಲ್ಲಿ ಗ್ರ್ಯಾಂಡ್‌ಆರ್ಗ್ ಉಚಿತ, ಹೌಪ್ಟ್‌ವೆರ್ಕ್ ದುಡ್ಡಿನದು. ಎರಡರಲ್ಲೂ ತಡೆಯುವುದು ರ್‍ಯಾಮ್. 30 ಸ್ಟಾಪ್ (ಒಂದೊಂದು ಬಗೆಯ ದನಿಯ ಕೊಳವೆಸಾಲು), ಸ್ಟಾಪಿಗೆ 58 ಕೊಳವೆ ಅಂದರೆ 1,740 ಕೊಳವೆ; ಒಂದೊಂದಕ್ಕೆ ಹತ್ತು ಸೆಕೆಂಡಿನ 24 ಬಿಟ್ ಸ್ಟೀರಿಯೋ ಧ್ವನಿ ಇಟ್ಟರೂ ಸುಮಾರು 5 ಜಿಬಿ. ಹಿಂಬದಿಯ ಮೈಕುಗಳನ್ನೂ ಸೇರಿಸಿದರೆ ಅದರ ಎರಡರಷ್ಟು. ಗಾಳಿಯೂದುವ ಯಂತ್ರದ ಗುಂಯ್‌ಗುಡುವಿಕೆಯನ್ನೂ ಶ್ರದ್ಧೆಯಿಂದ ಧ್ವನಿಮುದ್ರಿಸಿ ಕೊಟ್ಟಿರುತ್ತಾರೆ. ಅಷ್ಟನ್ನೂ ಹೊತ್ತು ಕಾದ ಕಂಪ್ಯೂಟರಿನ ಫ್ಯಾನ್ ಅದಕ್ಕೆ ಶ್ರುತಿ ಹಿಡಿಯುತ್ತದೆ.

ಆದರೂ ರಾತ್ರಿ ಹೆಡ್‌ಫೋನ್ ಹಾಕಿ ಒಂದು ಕಾರ್ಡ್ ನುಡಿಸಿ ಕೈ ಎತ್ತಿದರೆ, ಸ್ವರ ನಿಲ್ಲುವುದಿಲ್ಲ. ಎಂದೂ ಕಾಲಿಡದ ಯಾವುದೋ ಚರ್ಚಿನ ಕಲ್ಲುಗೋಡೆಯವರೆಗೆ ನಡೆದುಹೋಗಿ, ಅಲ್ಲೇ ಸ್ವಲ್ಪ ನಿಂತು, ನಾಲ್ಕೈದು ಸೆಕೆಂಡಿನಲ್ಲಿ ಆರಿಹೋಗುತ್ತದೆ. ಯಾರೋ ಒಬ್ಬರು ಒಂದೊಂದೇ ಕೊಳವೆ ನುಡಿಸಿ, ಉಸಿರು ಬಿಗಿಹಿಡಿದು ಆ ಮೌನವನ್ನೂ ಹಿಡಿದಿಟ್ಟಿದ್ದಾರೆ. ಬೆರಳುಗಳು ಹಾಗೇ ಗಾಳಿಯಲ್ಲಿ ಉಳಿಯುತ್ತವೆ.

ಇಲ್ಲಿ ಡ್ರಾಬಾರಿನ ಗೋಜೇ ಇಲ್ಲ. ಮೂವತ್ತು ಸ್ಟಾಪ್, ಒಂದೊಂದಕ್ಕೂ ಹಾಕುವುದು ತೆಗೆಯುವುದು ಅಷ್ಟೇ, ಪ್ಯಾಡಿಗೊಂದರಂತೆ ಕಟ್ಟಿಕೊಂಡರೆ ಮುಗಿಯಿತು.

ಪ್ಯಾಡ್ ಎಷ್ಟಿವೆ ಅಂದಿರಿ?