ಮಂಕಿ ಟಾಪ್ ಉಂಟು, ಮನೆ ಇಲ್ಲ

ಮಲ್ಲೇಶ್ವರದಲ್ಲಿ ಇನ್ನೊಂದು ಹಳೇ ಮನೆ ಉರುಳಿತು. ಅಲ್ಲಿ ಏಳಲಿರುವ ಕಟ್ಟಡದ ಫ್ಲೆಕ್ಸ್ ಆಗಲೇ ನೇತಾಡುತ್ತಿದೆ: ಹೆಸರಲ್ಲಿ 'ಹೆರಿಟೇಜ್', ಚಿತ್ರದಲ್ಲಿ ನಾಲ್ಕನೇ ಮಹಡಿಗೆ ಮಂಕಿ ಟಾಪ್, ಅಂದರೆ ಹಳೇ ಬೆಂಗಳೂರಿನ ಮನೆಗಳ ಕಿಟಕಿ ಮೇಲೆ ಕೂರುತ್ತಿದ್ದ ಚೂಪು ತುದಿಯ ಮರದ ಮಾಡು. ಮರದ್ದಲ್ಲ, ಸಿಮೆಂಟ್ ಶೀಟಿನದು. ಅದರಡಿ ಕಿಟಕಿಯೂ ಇಲ್ಲ, ಎಸಿ ಡಬ್ಬ ಇದೆ. ಕೋತಿ ಕದ್ದೀತೆಂಬ ಮುನ್ನೆಚ್ಚರಿಕೆ ಇರಬೇಕು.

ಹಳೇ ಮನೆ 'ಶಿಥಿಲ'ವಾಗಿತ್ತಂತೆ. ಶಿಥಿಲ ಮಾಡುವುದೂ ಒಂದು ವಿದ್ಯೆಯೇ. ಇಂಥ ಮನೆಗಳ ಮದ್ರಾಸ್ ತಾರಸಿ ಅಂದರೆ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಜಲ್ಲಿ ಹರಡಿ, ಬೆಲ್ಲ-ಅಳಲೆಕಾಯಿ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿದದ್ದು. ಸೋರಿದರೆ ಗಾರೆ ಬಲ್ಲವರನ್ನು ಹುಡುಕುವ ತಾಪತ್ರಯ ಯಾರಿಗೆ ಬೇಕು? ಮೇಲೊಂದು ಸಿಮೆಂಟ್ ಪದರ, ಗೋಡೆಗೂ ಸಿಮೆಂಟ್ ಗಿಲಾವು, ಅದಕ್ಕೆ ಪ್ಲಾಸ್ಟಿಕ್ ಪೇಂಟ್. ಸುಣ್ಣದ ಗೋಡೆಯ ತೇವ ಆರಲು ದಾರಿ ಕಾಣದೆ, ಗೋಡೆಯಲ್ಲಿ ಹೂತ ಜಂತೆಯ ತುದಿಯಲ್ಲೇ ಠಿಕಾಣಿ ಹೂಡುತ್ತದೆ. ಹಿಂದೆಯೇ ಗೆದ್ದಲು. ಕೆಲವು ಮಳೆಗಾಲ ಕಾದರೆ ಸಾಕು, ಇಂಜಿನಿಯರ್ ಸರ್ಟಿಫಿಕೇಟು ತಾನಾಗಿ ಹುಟ್ಟುತ್ತದೆ. ಕಳಚಿದ ಕಂಬ, ಬಾಗಿಲು ಗುಜರಿಗೆ. ಅಲ್ಲಿಂದ ಯಾವುದೋ ಕೆಫೆಗೆ. ಅಲ್ಲಿ ಕೂತು 'ಓಲ್ಡ್ ಬೆಂಗಳೂರು' ಎಂದು ಫೋಟೊ.

ಹಾಗಂತ ಹಳೆಯದೆಲ್ಲ ಸ್ವರ್ಗವಾಗಿರಲಿಲ್ಲ ಬಿಡಿ. 1890ರ ದಶಕದಲ್ಲಿ ಗೆರೆ ಎಳೆದು, 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟವರನ್ನು ತುಂಬಿಸಿಕೊಂಡ ಬಡಾವಣೆ. ಜಾತಿ ನೋಡಿಯೇ ಬ್ಲಾಕು ಹಂಚಿದ್ದು. ಹಿತ್ತಲಾಚೆಯ ಕನ್ಸರ್ವೆನ್ಸಿ ಗಲ್ಲಿ ಇದ್ದದ್ದು ಮಲ ಹೊರುವವರ ಓಡಾಟಕ್ಕೆ. 'ನಮ್ಮ ಕಾಲದ ಸೌಹಾರ್ದ' ಎಂದು ಕಣ್ಣೊರೆಸಿಕೊಳ್ಳುವವರ ನೆನಪಿನಲ್ಲಿ ಸಂಪಿಗೆ ಮರ ಬರುತ್ತದೆ, ದೋಸೆ ಬರುತ್ತದೆ, ಆ ಗಲ್ಲಿ ಮಾತ್ರ ಬರುವುದಿಲ್ಲ. ಈಗ ಎಷ್ಟೋ ಕಡೆ ಅದೂ ಯಾರದೋ ಅಡುಗೆಮನೆ.

ಇನ್ನು ನಮ್ಮ ಅಕ್ರಮ-ಸಕ್ರಮ. ಕಟ್ಟಡ ನಿಯಮದ ಉಲ್ಲಂಘನೆ ವಾಸದ ಕಟ್ಟಡದಲ್ಲಿ ಶೇ 50, ವಾಣಿಜ್ಯದ್ದರಲ್ಲಿ ಶೇ 25ರೊಳಗಿದ್ದರೆ ದಂಡ ಕಟ್ಟಿ ಪುನೀತರಾಗಿ ಎಂದಿತು ಸರ್ಕಾರ. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ತಡೆ ಬಿದ್ದದ್ದು ಸಕ್ರಮಕ್ಕೆ. ಅಕ್ರಮ ತನ್ನ ಪಾಡಿಗೆ ಕ್ಯೂರಿಂಗ್ ಆಗುತ್ತಿದೆ. ಪಕ್ಕದವರು ದೂರು ಕೊಟ್ಟರೆ ನೋಟಿಸು, ನೋಟಿಸಿಗೆ ಉತ್ತರ, ಉತ್ತರ ಬರುವಷ್ಟರಲ್ಲಿ ಇನ್ನೊಂದು ಮಹಡಿ.

ಸಾಕು, ನಗು ಬರುತ್ತಿಲ್ಲ. ಒಂದು ಸಂಸಾರಕ್ಕೆಂದು ಹಾಕಿದ ಒಳಚರಂಡಿಗೆ ಹನ್ನೆರಡು ಫ್ಲಾಟಿನ ಕೊಳಚೆ ಬಿಡುತ್ತೀರಿ. ಮಳೆಗೆ ಮ್ಯಾನ್‌ಹೋಲ್ ಉಕ್ಕಿದಾಗ, ಕಾನೂನಿದ್ದರೂ ಕದ್ದುಮುಚ್ಚಿ ಒಬ್ಬನನ್ನು ಅದರೊಳಗೆ ಇಳಿಸುತ್ತೀರಲ್ಲ, ಆ ಪರಂಪರೆಗೂ ಒಂದು ಫ್ಲೆಕ್ಸ್ ಹಾಕಿ.